ಮಗಳು ಹೋಗಿ 14 ತಿಂಗಳಾಯಿತು, ಈ ದುಃಖ ಕಾಯಿಲೆಯೇ?

ಪ್ರಶ್ನೆ: 14 ತಿಂಗಳ ಹಿಂದೆ ನನ್ನ 11 ವರ್ಷದ ಮಗಳು ಮೆನಿಂಜೈಟಿಸ್‌ನಿಂದ ಎರಡೇ ದಿನಗಳಲ್ಲಿ ತೀರಿಕೊಂಡಳು. ಮೊದಲ ರಾತ್ರಿ ಜ್ವರ, ವಾಂತಿ ಇತ್ತು. ಮಾತ್ರೆ ಕೊಟ್ಟು ಮಲಗಿಸಿದೆ. ಬೆಳಿಗ್ಗೆ ಎಬ್ಬಿಸಿದಾಗ ಮಾತು ತೊದಲುತ್ತಿತ್ತು. ಆ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು ಎಂಬ ಯೋಚನೆ ನನ್ನನ್ನು ಬಿಡುತ್ತಿಲ್ಲ. ಈಗಲೂ ಊಟಕ್ಕೆ ನಾಲ್ಕು ತಟ್ಟೆ ತೆಗೆದುಬಿಡುತ್ತೇನೆ. ನಮ್ಮ ಯಜಮಾನರು ಎರಡನೇ ವಾರಕ್ಕೇ ಕೆಲಸಕ್ಕೆ ಹೋದರು. ನನ್ನೆದುರು ಒಮ್ಮೆಯೂ ಅತ್ತಿಲ್ಲ, ಅವಳ ಹೆಸರನ್ನೂ ಎತ್ತುವುದಿಲ್ಲ. ಯಾರೂ ಹತ್ತದ ಅವಳ ಸೈಕಲ್‌ಗೆ ಮಾತ್ರ ಪ್ರತಿ ಭಾನುವಾರ ಗಾಳಿ ಹೊಡೆಯುತ್ತಾರೆ; ನನಗೆ ನೋಡಲಾಗುವುದಿಲ್ಲ, ಯಾರಿಗಾದರೂ ಕೊಟ್ಟುಬಿಡಿ ಎಂದರೆ ಸಿಟ್ಟಾಗುತ್ತಾರೆ. 7 ವರ್ಷದ ಮಗ ನಾನು ಕೋಣೆಗೆ ಬಂದರೆ ನಗುವುದನ್ನು ನಿಲ್ಲಿಸುತ್ತಾನೆ. ಮರೆತುಬಿಡು, ಇರುವ ಮಗನನ್ನು ನೋಡಿಕೋ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಮಾನಸಿಕ ಕಾಯಿಲೆ ಬಂದಿದೆಯೇ? ಇದು ಯಾವಾಗ ಮುಗಿಯುತ್ತದೆ? ಹೊಸಬರು ನಿಮಗೆಷ್ಟು ಮಕ್ಕಳು ಎಂದು ಕೇಳಿದರೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿರುವ ಪ್ರಶ್ನೆಗಳು ಮೂರು. ಆದರೆ ಪ್ರಶ್ನೆಯಾಗಿ ಕೇಳದೆ, ಹೇಳಿ ಮುಂದೆ ಹೋಗಿರುವ ಆ ರಾತ್ರಿಯ ಮಾತು ಉಳಿದೆಲ್ಲದರ ಬುಡದಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಆದ್ದರಿಂದ ಮೊದಲು ಅದನ್ನೇ ಎತ್ತಿಕೊಳ್ಳುತ್ತೇನೆ.

ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್, ಅಂದರೆ ಮೆದುಳನ್ನು ಸುತ್ತಿಕೊಂಡಿರುವ ಪೊರೆಗಳ ಸೋಂಕು, ಮಕ್ಕಳಲ್ಲಿ ಮೊದಲ ಕೆಲವು ಗಂಟೆಗಳ ಕಾಲ ಜ್ವರ, ವಾಂತಿ, ತಲೆನೋವು, ಸುಸ್ತು ಇಷ್ಟನ್ನೇ ತೋರಿಸಬಹುದು. ಇವು ಯಾವ ಮಗುವಿಗೂ ಆಗಾಗ ಬಂದು ಹೋಗುವ ಸಾಮಾನ್ಯ ಜ್ವರದ ಲಕ್ಷಣಗಳೇ ಆಗಿರುತ್ತವೆ. ಕತ್ತು ಸೆಟೆದುಕೊಳ್ಳುವುದು, ಬೆಳಕನ್ನು ಸಹಿಸಲಾಗದಿರುವುದು, ಒತ್ತಿದರೂ ಮಾಸದ ಕಲೆಗಳು ಮೈಮೇಲೆ ಏಳುವುದು, ಎಚ್ಚರ ಮಸುಕಾಗುವುದು ಮುಂತಾದ ಗುರುತುಗಳು ಅನೇಕ ವೇಳೆ ತಡವಾಗಿ ಬರುತ್ತವೆ, ಮತ್ತು ಕೆಲವರಲ್ಲಿ 24 ಗಂಟೆಯೊಳಗೇ ಪರಿಸ್ಥಿತಿ ಕೈಮೀರುತ್ತದೆ. ವೈದ್ಯರೇ ಮೊದಲ ತಪಾಸಣೆಯಲ್ಲಿ ಇದನ್ನು ಸಾಮಾನ್ಯ ಜ್ವರವೆಂದು ತಿಳಿದು ಮಗುವನ್ನು ಮನೆಗೆ ಕಳಿಸಿರುವುದುಂಟು. ಆ ರಾತ್ರಿಯೇ ಹೋಗಿದ್ದರೆ ನಿಮ್ಮ ಮಗಳು ಉಳಿಯುತ್ತಿದ್ದಳೋ ಇಲ್ಲವೋ ಎಂಬುದನ್ನು, ಅವಳನ್ನು ನೋಡದ ನಾನು ಹೇಳಲಾರೆ. ಖಂಡಿತ ಉಳಿಯುತ್ತಿರಲಿಲ್ಲ ಎಂದು ಸಮಾಧಾನಕ್ಕಾಗಿ ಹೇಳಿದರೆ ನೀವೂ ನಂಬಲಾರಿರಿ. ನಾನು ಹೇಳಬಲ್ಲದ್ದು ಇಷ್ಟು: ರಾತ್ರಿ ಮಾತ್ರೆ ಕೊಟ್ಟು ಮಲಗಿಸಿದ ತಾಯಿಗೆ ಬೆಳಗಿನ ಸಂಗತಿ ಗೊತ್ತಿರಲಿಲ್ಲ. ಇಂದು ಆ ರಾತ್ರಿಯನ್ನು ನೆನೆಯುವ ತಾಯಿಗೆ ಅದು ಗೊತ್ತಿದೆ. ನೀವು ಇವರಿಬ್ಬರನ್ನೂ ಒಬ್ಬಳೆಂದು ತಿಳಿದು, ಎರಡನೆಯವಳಿಗೆ ತಿಳಿದಿರುವುದಕ್ಕಾಗಿ ಮೊದಲಿನವಳನ್ನು ಶಿಕ್ಷಿಸುತ್ತಿದ್ದೀರಿ.

ಇದು ನಿಮ್ಮೊಬ್ಬರ ದೌರ್ಬಲ್ಯವಲ್ಲ, ಮನುಷ್ಯರ ನೆನಪು ಕೆಲಸ ಮಾಡುವ ರೀತಿಯೇ ಹಾಗಿದೆ. ಒಂದು ಘಟನೆ ಹೇಗೆ ಕೊನೆಗೊಂಡಿತೆಂದು ತಿಳಿದ ಮೇಲೆ, ಅದು ಮೊದಲೇ ಕಾಣುವಂತಿತ್ತು ಎಂದು ಮನಸ್ಸು ನಂಬಿಬಿಡುತ್ತದೆ ಮತ್ತು ಹಾಗೆ ನಂಬಿರುವುದು ಅದಕ್ಕೇ ಅರಿವಾಗುವುದಿಲ್ಲ ಎಂಬುದನ್ನು ಮನಶ್ಶಾಸ್ತ್ರಜ್ಞ ಬರೂಕ್ ಫಿಶ್‌ಹಾಫ್ 1975ರಲ್ಲಿಯೇ ಪ್ರಯೋಗಗಳ ಮೂಲಕ ತೋರಿಸಿದ್ದಾರೆ. ಮಕ್ಕಳನ್ನು ಕಳೆದುಕೊಂಡವರಲ್ಲಿ ಇದರ ಜೊತೆಗೆ ಇನ್ನೊಂದು ಸಂಗತಿಯನ್ನೂ ನಾನು ಮತ್ತೆ ಮತ್ತೆ ಕಂಡಿದ್ದೇನೆ. ತಪ್ಪು ನನ್ನದು ಎಂದುಕೊಂಡರೆ, ಆ ಸಾವನ್ನು ತಡೆಯಬಹುದಿತ್ತು ಎಂದಾದರೂ ಆಗುತ್ತದೆ. ತಡೆಯುವುದು ನನ್ನ ಕೈಯಲ್ಲಿರಲಿಲ್ಲ ಎಂದುಕೊಳ್ಳುವುದು ಹೆತ್ತವರಿಗೆ ಅದಕ್ಕಿಂತಲೂ ಭಯಂಕರ. ಆದ್ದರಿಂದ ಎಷ್ಟೋ ತಾಯಂದಿರು, ತಂದೆಯರು ಅಸಹಾಯಕತೆಯ ಬದಲು ಅಪರಾಧವನ್ನು ಹೊತ್ತುಕೊಳ್ಳುತ್ತಾರೆ. ನಿನ್ನ ತಪ್ಪೇನಿಲ್ಲ ಎಂದು ನೂರು ಜನ ಹೇಳಿದರೂ ಅದು ಇಳಿಯದಿರುವುದಕ್ಕೆ ಇದೇ ಕಾರಣ.

ಎರಡು ಕೆಲಸಗಳನ್ನು ಮಾಡಿ ನೋಡಿ. ನಿಮಗೆ ಧೈರ್ಯವೆನಿಸಿದ ದಿನ, ನಂಬಿಕೆಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ರಾತ್ರಿಯನ್ನು ಒಂದು ಹಾಳೆಯ ಮೇಲೆ ಗಂಟೆಗಂಟೆಯಾಗಿ ಬರೆಯಿರಿ. ಎಂಟು ಗಂಟೆಗೆ ಏನು ಕಂಡೆ, ಏನು ಮಾಡಿದೆ, ಹತ್ತಕ್ಕೆ ಮೈ ಮುಟ್ಟಿ ನೋಡಿದೆನೇ, ನೀರು ಕುಡಿಸಿದೆನೇ, ಅವಳು ಏನೆಂದಳು. ಬೆಳಿಗ್ಗೆ ತಿಳಿದದ್ದನ್ನು ರಾತ್ರಿಯ ಸಾಲಿಗೆ ಸೇರಿಸಬೇಡಿ, ಅಷ್ಟೇ ನಿಯಮ. ಹೀಗೆ ಬರೆದ ಅನೇಕರಿಗೆ ಆ ರಾತ್ರಿಯಿಡೀ ತಾವು ಮಗುವಿನ ಪಕ್ಕದಲ್ಲಿಯೇ ಇದ್ದುದು ಮೊದಲ ಬಾರಿಗೆ ಕಣ್ಣಿಗೆ ಬಿದ್ದಿದೆ. ಇನ್ನೊಂದು, ಚಿಕಿತ್ಸೆ ನೀಡಿದ ವೈದ್ಯರನ್ನು ಸಮಯ ಕೇಳಿ ಭೇಟಿಯಾಗಿ ನಿಮ್ಮ ಪ್ರಶ್ನೆಯನ್ನು ನೇರವಾಗಿ ಕೇಳುವುದು. ಅಂದು ಅವರು ಹೇಳಿದ ಮಾತುಗಳಲ್ಲಿ ಹೆಚ್ಚಿನವು ನಿಮ್ಮ ಕಿವಿಗೆ ಬಿದ್ದಿರಲಾರವು. ತಿಂಗಳುಗಳ ನಂತರ ಹೋಗಿ ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ.

ಇನ್ನು, ಇದು ಕಾಯಿಲೆಯೇ ಎಂಬ ಪ್ರಶ್ನೆ. ದುಃಖ ಕಾಯಿಲೆಯಲ್ಲ. ಆದರೆ ಕೆಲವರಲ್ಲಿ ದುಃಖ ಒಂದೇ ಕಡೆ ಸಿಕ್ಕಿಕೊಂಡು, ತೀವ್ರತೆ ಸ್ವಲ್ಪವೂ ಇಳಿಯದೆ, ಬದುಕಿನ ಎಲ್ಲ ಕೆಲಸಗಳನ್ನೂ ನಿಲ್ಲಿಸಿಬಿಡುತ್ತದೆ. ಇದಕ್ಕೆ ಈಗ ವೈದ್ಯಕೀಯದಲ್ಲಿ ದೀರ್ಘಕಾಲೀನ ಶೋಕದ ಸಮಸ್ಯೆ ಎಂಬ ಪ್ರತ್ಯೇಕ ಹೆಸರಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೇ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಾಗ ಅದರಲ್ಲಿ ಇದು ಸೇರಿತ್ತು. ಅಮೆರಿಕದ ಮನೋವೈದ್ಯರ ಕೈಪಿಡಿಯೂ ಅದೇ ವರ್ಷ ಇದನ್ನು ಸೇರಿಸಿಕೊಂಡಿತು. ಮೊದಲನೆಯದು ಕನಿಷ್ಠ 6 ತಿಂಗಳು ಎನ್ನುತ್ತದೆ, ಎರಡನೆಯದು ವಯಸ್ಕರಿಗೆ ಕನಿಷ್ಠ 12 ತಿಂಗಳು. ನೀವು 14ನೇ ತಿಂಗಳಿನಲ್ಲಿರುವುದರಿಂದ ಈ ಲೆಕ್ಕ ನೋಡಿ ಗಾಬರಿಯಾಗಬೇಡಿ. ದಿನ ಕಳೆದದ್ದೊಂದೇ ಗುರುತಲ್ಲ. ಹೆಚ್ಚುಕಡಿಮೆ ಪ್ರತಿದಿನವೂ ಎದೆ ಹಿಂಡುವ ಹಂಬಲ ಅಥವಾ ಬೇರೆ ಯೋಚನೆಗೆ ಎಡೆಯೇ ಇಲ್ಲದ ನೆನಪು, ಅದರ ಜೊತೆಗೆ ಸಾವನ್ನು ನಂಬಲಾಗದಿರುವುದು, ತನ್ನದೇ ಒಂದು ಭಾಗ ಸತ್ತಂತೆನಿಸುವುದು, ಭಾವನೆಗಳೆಲ್ಲ ಮರಗಟ್ಟುವುದು, ಬದುಕಿಗೆ ಅರ್ಥವೇ ಇಲ್ಲವೆನಿಸುವುದು, ಜನರ ನಡುವೆಯೂ ಒಂಟಿಯಾಗುವುದು, ಇವುಗಳಲ್ಲಿ ಹಲವು ಒಟ್ಟಿಗೆ ಇದ್ದು ದಿನನಿತ್ಯದ ಬದುಕು ನಡೆಯದಂತಾಗಬೇಕು. ಮಗುವನ್ನು ಕಳೆದುಕೊಂಡವರ ವಿಷಯದಲ್ಲಿ ಈ 12 ತಿಂಗಳ ಗೆರೆ ಬಹಳ ಬಿಗಿಯಾಯಿತು ಎಂಬುದು ನನ್ನ ಅಭಿಪ್ರಾಯ. ಎರಡನೇ ವರ್ಷ ಮೊದಲನೆಯದಕ್ಕಿಂತ ಕಷ್ಟವಾಗಿತ್ತು ಎಂದು ಹೇಳುವ ಹೆತ್ತವರು ಬಹಳ ಮಂದಿ. ಮೊದಲ ವರ್ಷದ ಮಂಕು ಕರಗಿ, ಬಂದು ಹೋಗುತ್ತಿದ್ದ ಜನರೂ ತಮ್ಮ ತಮ್ಮ ಬದುಕಿಗೆ ಮರಳಿದ ಮೇಲೆಯೇ ಅವರಿಗೆ ಮನೆಯ ಖಾಲಿತನ ಪೂರ್ತಿಯಾಗಿ ಕಂಡಿರುತ್ತದೆ.

ನಾಲ್ಕು ತಟ್ಟೆ ತೆಗೆಯುವುದು ಕಾಯಿಲೆಯ ಲಕ್ಷಣವಲ್ಲ. ಹನ್ನೊಂದು ವರ್ಷ ತಟ್ಟೆ ಹಾಕಿದ ಕೈ ಅದು. ಆಮೇಲೆ ಏನಾಗುತ್ತದೆ ಎಂಬುದನ್ನು ಮಾತ್ರ ಗಮನಿಸಿ: ಒಂದನ್ನು ತಿರುಗಿ ಇಟ್ಟು, ಅತ್ತು, ಊಟಕ್ಕೆ ಕೂರುತ್ತೀರೋ, ಅಥವಾ ಅಂದು ಮನೆಯಲ್ಲಿ ಯಾರಿಗೂ ಊಟವೇ ಇಲ್ಲದಂತಾಗುತ್ತದೆಯೋ? ಮೊದಲನೆಯದಾದರೆ ನೀವು ದುಃಖದಲ್ಲಿದ್ದೀರಿ. ಎರಡನೆಯದು ಹೆಚ್ಚಿನ ದಿನಗಳ ಕಥೆಯಾಗಿದ್ದರೆ ಸಹಾಯ ಪಡೆಯುವುದಕ್ಕೆ ಇದೇ ಸಮಯ. ಇದಕ್ಕೆಂದೇ ರೂಪಿಸಿದ ಚಿಕಿತ್ಸೆ ಇದೆ. ಅಮೆರಿಕದ ಮನೋವೈದ್ಯೆ ಕ್ಯಾಥರೀನ್ ಶಿಯರ್ ಮತ್ತು ಅವರ ತಂಡ ಬೆಳೆಸಿದ 16 ಭೇಟಿಗಳ ಮಾತಿನ ಚಿಕಿತ್ಸೆ ಅನೇಕರಿಗೆ ಫಲ ಕೊಟ್ಟಿದೆ. 2016ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಖಿನ್ನತೆಯ ಮಾತ್ರೆಯೊಂದನ್ನು ಜೊತೆಗೆ ಕೊಟ್ಟಾಗ ಖಿನ್ನತೆ ಕಡಿಮೆಯಾಯಿತೇ ಹೊರತು ಶೋಕದ ಮೇಲೆ ಮಾತ್ರೆಯಿಂದ ಹೆಚ್ಚಿನ ಪರಿಣಾಮವಾಗಲಿಲ್ಲ. ಅಂದರೆ ಖಿನ್ನತೆಯಿದ್ದರೆ ಮಾತ್ರೆ ಬೇಕಾಗಬಹುದು, ಆದರೆ ಮಗಳಿಲ್ಲದ ನೋವಿಗೆ ಮಾತ್ರೆಯಿಲ್ಲ. ತಿಂಗಳುಗಟ್ಟಲೆ ನಿದ್ದೆಯ ಗುಳಿಗೆ ನುಂಗಿ ದಿನ ದೂಡುವುದಂತೂ ಖಂಡಿತ ಬೇಡ.

ಒಂದು ವಿಷಯವನ್ನು ಮುಚ್ಚಿಡದೆ ಕೇಳಬೇಕು. ನಾನೂ ಅವಳ ಹತ್ತಿರ ಹೋಗಿಬಿಡಬೇಕು ಎಂದು ಅನ್ನಿಸಿದೆಯೇ? ಮಗುವನ್ನು ಕಳೆದುಕೊಂಡ ಬಹಳಷ್ಟು ಹೆತ್ತವರಿಗೆ ಹಾಗೆ ಅನ್ನಿಸುತ್ತದೆ, ಅದನ್ನು ಹೇಳಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಹೇಗೆ, ಯಾವಾಗ ಎಂಬ ಯೋಚನೆಯವರೆಗೆ ಅದು ಬೆಳೆದಿದ್ದರೆ ಇಂದೇ ಮನೆಯವರಿಗೆ ತಿಳಿಸಿ, ಇಂದೇ ವೈದ್ಯರನ್ನು ಕಾಣಿ, ನಾಳೆಗೆ ಇಡಬೇಡಿ. ಡೆನ್ಮಾರ್ಕ್‌ನಲ್ಲಿ ಮಗುವನ್ನು ಕಳೆದುಕೊಂಡ 21 ಸಾವಿರಕ್ಕೂ ಹೆಚ್ಚು ತಂದೆತಾಯಿಯರನ್ನು ವರ್ಷಗಳ ಕಾಲ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇತರ ಹೆತ್ತವರಿಗೆ ಹೋಲಿಸಿದರೆ ಇವರಲ್ಲಿ, ಮುಖ್ಯವಾಗಿ ತಾಯಂದಿರಲ್ಲಿ, ಸಾವಿನ ಪ್ರಮಾಣ ಹೆಚ್ಚಾಗಿದ್ದುದು ಕಂಡುಬಂತು. ಅಪಘಾತ, ಆತ್ಮಹತ್ಯೆಗಳಂಥ ಅಸಹಜ ಸಾವುಗಳ ಅಪಾಯ ಮೊದಲ ಮೂರು ವರ್ಷಗಳಲ್ಲಿ ಅತಿ ಹೆಚ್ಚಾಗಿತ್ತು. ಹೆದರಿಸಲು ಇದನ್ನು ಹೇಳುತ್ತಿಲ್ಲ. ಈ ದುಃಖ ದೇಹಕ್ಕೂ ತಗಲುತ್ತದೆ, ಆದ್ದರಿಂದ ನಿದ್ದೆ, ಊಟ, ರಕ್ತದೊತ್ತಡ, ಎದೆನೋವು ಇವು ಯಾವುದನ್ನೂ ದುಃಖದಿಂದ ಆಗುತ್ತಿರಬೇಕು ಎಂದು ತಳ್ಳಿಹಾಕಬಾರದು ಎಂಬುದಕ್ಕಾಗಿ ಹೇಳುತ್ತಿದ್ದೇನೆ.

ಯಾವಾಗ ಮುಗಿಯುತ್ತದೆ ಎಂದು ಕೇಳಿದ್ದೀರಿ. ಪುತ್ರಶೋಕಂ ನಿರಂತರಂ ಎಂಬ ಮಾತನ್ನು ನೀವೂ ಕೇಳಿರಬೇಕು. ಆ ಮಾತು ನಿಜವೇ, ಆದರೆ ಇಂದಿನ ಉರಿ ಇದೇ ಬಿಸಿಯಲ್ಲಿ ಕೊನೆಯವರೆಗೂ ಇರುತ್ತದೆ ಎಂಬುದು ಅದರ ಅರ್ಥವಲ್ಲ. ದುಃಖಕ್ಕೆ ಐದು ಹಂತಗಳಿವೆ, ಕೊನೆಯದು ಒಪ್ಪಿಕೊಳ್ಳುವುದು ಎಂದು ಯಾರಾದರೂ ನಿಮಗೆ ಹೇಳಿದ್ದರೆ, ಮನೋವೈದ್ಯೆ ಎಲಿಸಬೆತ್ ಕುಬ್ಲರ್ ರಾಸ್ 1969ರಲ್ಲಿ ಆ ಹಂತಗಳನ್ನು ವಿವರಿಸಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳೊಂದಿಗೆ ಮಾತನಾಡಿ ಎಂಬುದು ಗೊತ್ತಿರಲಿ. ಅದು ಸಾಯುತ್ತಿರುವವರ ಮನಸ್ಸಿನ ಚಿತ್ರವಾಗಿತ್ತು; ಮಗುವನ್ನು ಕಳೆದುಕೊಂಡವರು ಒಂದೊಂದೇ ಮೆಟ್ಟಿಲು ಹತ್ತಿ ತೇರ್ಗಡೆಯಾಗಬೇಕಾದ ಪರೀಕ್ಷೆ ಅದಲ್ಲ.

ಈ ಪ್ರಶ್ನೆಗೆ ನನಗೆ ತಿಳಿದ ಅತ್ಯಂತ ಪ್ರಾಮಾಣಿಕ ಉತ್ತರ ಒಬ್ಬ ತಂದೆಯದು. ಸತ್ತವರಿಂದ ಮನಸ್ಸನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸಿಕೊಳ್ಳುವುದೇ ಶೋಕದ ಕೆಲಸ ಎಂದು 1917ರಲ್ಲಿ ಬರೆದವರು ಸಿಗ್ಮಂಡ್ ಫ್ರಾಯ್ಡ್. 1920ರ ಜನವರಿಯಲ್ಲಿ ಅವರ ಮಗಳು ಸೋಫಿ ಇನ್‌ಫ್ಲುಯೆಂಜಾದಿಂದ 26ನೇ ವಯಸ್ಸಿನಲ್ಲಿ ತೀರಿಕೊಂಡಳು. ಒಂಬತ್ತು ವರ್ಷಗಳ ನಂತರ, ಅವಳಿದ್ದಿದ್ದರೆ 36 ತುಂಬುತ್ತಿದ್ದ ದಿನ, ಮಗನನ್ನು ಕಳೆದುಕೊಂಡಿದ್ದ ಸ್ನೇಹಿತ ಬಿನ್ಸ್‌ವಾಂಗರ್ ಅವರಿಗೆ ಫ್ರಾಯ್ಡ್ ಒಂದು ಪತ್ರ ಬರೆದರು. ಇಂಥ ಸಾವಿನ ತೀವ್ರ ದುಃಖ ಒಂದು ದಿನ ಇಳಿಯುತ್ತದೆ, ಆದರೂ ನಮಗೆ ಸಮಾಧಾನವೆಂಬುದಿಲ್ಲ, ಆ ಜಾಗ ತುಂಬುವಂಥದ್ದು ಎಂದೂ ಸಿಗುವುದಿಲ್ಲ, ಅದು ಹಾಗಿರುವುದೇ ಸರಿ, ಬಿಟ್ಟುಕೊಡಲು ಮನಸ್ಸಿಲ್ಲದ ಪ್ರೀತಿ ಮುಂದುವರಿಯುವುದು ಹಾಗೆಯೇ ಎಂಬ ಅರ್ಥದ ಮಾತುಗಳು ಅದರಲ್ಲಿವೆ. 1917ರ ಸಿದ್ಧಾಂತಕ್ಕಿಂತ 1929ರ ಈ ಪತ್ರವನ್ನು ನಾನು ಹೆಚ್ಚು ನಂಬುತ್ತೇನೆ. ಮಕ್ಕಳನ್ನು ಕಳೆದುಕೊಂಡವರ ಜೊತೆ ಅನೇಕ ವರ್ಷ ಕೆಲಸ ಮಾಡಿದ ಡೆನ್ನಿಸ್ ಕ್ಲಾಸ್ ಮತ್ತು ಅವರ ಸಹೋದ್ಯೋಗಿಗಳು 1996ರಲ್ಲಿ ಮಂಡಿಸಿದ್ದೂ ಇದನ್ನೇ: ಸತ್ತ ಮಗುವಿನೊಂದಿಗಿನ ನಂಟು ಕಡಿದುಹೋಗಬೇಕಾಗಿಲ್ಲ, ರೂಪ ಬದಲಿಸಿಕೊಂಡು ಅದು ಉಳಿಯುತ್ತದೆ, ಉಳಿಯುವುದು ಆರೋಗ್ಯಕ್ಕೆ ವಿರೋಧವೂ ಅಲ್ಲ. ಆದ್ದರಿಂದ ಮರೆತುಬಿಡು ಎನ್ನುವವರ ಮಾತನ್ನು ಪಾಲಿಸಲಾಗುತ್ತಿಲ್ಲವಲ್ಲ ಎಂದು ನೀವು ಕುಗ್ಗಬೇಕಾಗಿಲ್ಲ. ಅವರು ಆಗದ ಕೆಲಸವನ್ನು ಹೇಳುತ್ತಿದ್ದಾರೆ.

ಮುಗಿಯುವುದಿಲ್ಲವಾದರೆ ಬದಲಾಗುವುದೇನು? ಮೊದಲು ದುಃಖದ ನಡುವೆ ಉಸಿರಾಡಲು ಬಿಡುವು ಸಿಗುತ್ತದೆ. ಆಮೇಲೆ ಬಿಡುವು ದೊಡ್ಡದಾಗುತ್ತದೆ, ದುಃಖ ಅಲೆಯಂತೆ ಬಂದು ಹೋಗುತ್ತದೆ. ಹುಟ್ಟಿದ ದಿನ, ಹೋದ ದಿನ, ಶಾಲೆ ತೆರೆಯುವ ವಾರ, ಅವಳ ಓರಗೆಯ ಹುಡುಗಿಯೊಬ್ಬಳು ಎತ್ತರವಾಗಿ ಬೆಳೆದು ಎದುರಾದ ಸಂಜೆ, ಇಂಥ ಹೊತ್ತಿನಲ್ಲಿ ಅಲೆ ಮತ್ತೆ ಹಳೆಯ ಎತ್ತರಕ್ಕೇ ಏಳುತ್ತದೆ. ಹಾಗಾದಾಗ ಮೊದಲಿನ ಸ್ಥಿತಿಗೇ ಬಂದೆ ಎಂದುಕೊಳ್ಳಬೇಡಿ, ಅದು ಇಳಿಯುತ್ತದೆ. ಮತ್ತೊಂದು ಮಾತು. ಒಂದು ದಿನ ಯಾವುದಕ್ಕೋ ನಗು ಬಂದು, ಮರುಗಳಿಗೆಯಲ್ಲೇ ಮಗಳಿಗೆ ದ್ರೋಹ ಮಾಡಿದಂತೆ ಎದೆ ಕುಸಿಯಬಹುದು. ಅದು ಬಹುತೇಕ ಎಲ್ಲ ಹೆತ್ತವರಿಗೂ ಆಗುವ ಅನುಭವ. ನಕ್ಕದ್ದರಿಂದ ಅವಳಿಗೆ ಏನೂ ಕಡಿಮೆಯಾಗಿರುವುದಿಲ್ಲ.

ಈಗ ನಿಮ್ಮ ಪತಿಯ ವಿಷಯ. ಅವರು ಅಳುವುದಿಲ್ಲ, ಹೆಸರೆತ್ತುವುದಿಲ್ಲ ಎಂದು ಬರೆದ ನೀವೇ, ಮುಂದಿನ ಸಾಲಿನಲ್ಲಿ ಭಾನುವಾರದ ಸೈಕಲ್‌ನ ಮಾತನ್ನೂ ಬರೆದಿದ್ದೀರಿ. ಆ ಎರಡು ಸಾಲುಗಳನ್ನು ಜೋಡಿಸಿ ಓದಬೇಕು. ನಿಂತಲ್ಲೇ ನಿಂತ ಸೈಕಲ್‌ನ ಟೈರಿನಿಂದಲೂ ಗಾಳಿ ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಬಿಟ್ಟರೆ ಕೆಲವು ವಾರಗಳಲ್ಲಿ ಟೈರು ಚಪ್ಪಟೆಯಾಗಿ, ಇದನ್ನು ತುಳಿಯುವವರು ಯಾರೂ ಇಲ್ಲ ಎಂಬುದನ್ನು ನೋಡಿದವರಿಗೆಲ್ಲ ಹೇಳತೊಡಗುತ್ತದೆ. ಅದನ್ನು ಹೇಳಗೊಡದೆ ಇರುವುದಕ್ಕಾಗಿ ಒಬ್ಬ ತಂದೆ ವಾರಕ್ಕೊಮ್ಮೆ ಪಂಪ್ ಹಿಡಿದು ಬಗ್ಗಿ ಕೂರುತ್ತಾರೆ. ಅವರ ಅಳು ಅದೇ ಎಂದು ನಾನು ತಿಳಿಯುತ್ತೇನೆ. ಕೊಟ್ಟುಬಿಡಿ ಎಂದಾಗ ಅವರಿಗೆ ಬರುವ ಸಿಟ್ಟೂ ನಿಮ್ಮ ಮೇಲಿನದಲ್ಲ.

ನೆದರ್ಲೆಂಡ್ಸ್‌ನ ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಸ್ಖುಟ್ 1999ರಲ್ಲಿ ಹೇಳಿದ ಒಂದು ವಿಚಾರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸಾವಿನ ನಂತರ ಮನುಷ್ಯರು ಕಳೆದುಕೊಂಡದ್ದರ ಕಡೆಗೊಮ್ಮೆ, ಮುಂದಿನ ಬದುಕಿನ ಕಡೆಗೊಮ್ಮೆ ಹೊರಳುತ್ತಾ ಇರುತ್ತಾರೆ. ಒಂದರಲ್ಲೇ ನಿಂತುಬಿಟ್ಟರೆ ಕಷ್ಟ, ಎರಡರ ನಡುವೆ ಹೋಗಿ ಬರುವುದೇ ತಡೆದುಕೊಳ್ಳುವ ದಾರಿ. ಗಂಡ ಹೆಂಡತಿ ಇಬ್ಬರೂ ಒಂದೇ ಹೊತ್ತಿಗೆ ಒಂದೇ ಕಡೆಗೆ ಹೊರಳುವುದಿಲ್ಲ, ಅಷ್ಟೇ. ನೀವು ಅವಳ ಬಟ್ಟೆಯನ್ನು ಮೂಸಿ ನೋಡುವ ಹೊತ್ತಿಗೆ ಅವರು ಬಾಡಿಗೆಯ ಲೆಕ್ಕ ಮಾಡುತ್ತಿರಬಹುದು, ಅವರು ಸೈಕಲ್ ಬಳಿ ಕೂತ ಹೊತ್ತಿಗೆ ನಿಮಗೆ ಅದನ್ನು ನೋಡಲಾಗದೆ ಹೋಗಬಹುದು. ಮಗು ಸತ್ತ ಮೇಲೆ ಹೆಚ್ಚಿನ ದಂಪತಿಗಳು ಬೇರೆಯಾಗುತ್ತಾರೆ ಎಂದು ಕೆಲವರು ಖಚಿತವಾಗಿ ಹೇಳುವುದುಂಟು. ಅದಕ್ಕೆ ಆಧಾರವಿಲ್ಲ. ಅಳಬೇಕೆಂದು ಅವರನ್ನು ಒತ್ತಾಯಿಸಬೇಡಿ, ನೀವೂ ಅಳು ನುಂಗಬೇಡಿ. ಅವಳ ಬಗ್ಗೆ ಮಾತನಾಡೋಣ ಎಂದು ಎದುರುಬದುರು ಕೂರಿಸಿದರೆ ಅವರು ಏಳಬಹುದು. ಅದರ ಬದಲು ಒಂದು ಭಾನುವಾರ, ನಿಮ್ಮಿಂದಾದರೆ, ಏನೂ ಹೇಳದೆ ಹೋಗಿ ಸೈಕಲ್‌ನ ಹ್ಯಾಂಡಲ್ ಹಿಡಿದು ನಿಂತುಕೊಳ್ಳಿ.

ಅವಳ ವಸ್ತುಗಳನ್ನು ಕೊಡುವ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಯಾವ ಅವಸರವೂ ಇಲ್ಲ. ಒಬ್ಬರಿಗೆ ಬೇಕಾದುದನ್ನು ಇನ್ನೊಬ್ಬರು ಕೇಳದೆ ಕೊಡಬಾರದು. ನೋಡಲಾಗದ ವಸ್ತುವನ್ನು ಕಣ್ಣಿಗೆ ಬೀಳದ ಜಾಗದಲ್ಲಿ ಇಡಬಹುದು, ಕೊಡಲೇಬೇಕೆಂದಿಲ್ಲ.

ನಿಮ್ಮ ಮಗನ ಬಗ್ಗೆ ನನಗೆ ಹೆಚ್ಚು ಕಾಳಜಿಯಿದೆ. ಸಾವೆಂದರೆ ಮರಳಿ ಬರಲಾಗದ್ದು ಎಂಬುದು ಸಾಮಾನ್ಯವಾಗಿ ಐದರಿಂದ ಏಳು ವರ್ಷದೊಳಗೆ ಮಕ್ಕಳಿಗೆ ಅರ್ಥವಾಗುತ್ತದೆ, ಆದ್ದರಿಂದ ಅವನಿಗೆ ಅಕ್ಕ ಬರುವುದಿಲ್ಲವೆಂದು ಗೊತ್ತಿದೆ. ಗೊತ್ತಿಲ್ಲದಿರುವುದು ಬೇರೆ: ತನ್ನ ನಗುವಿನಿಂದ ಅಮ್ಮನಿಗೆ ನೋವಾಗುತ್ತದೆಯೇ, ಜಗಳದಲ್ಲಿ ತಾನು ಎಂದೋ ಅಂದ ಮಾತಿನಿಂದ ಅಕ್ಕ ಸತ್ತಳೇ, ನಾಳೆ ತನಗೆ ಜ್ವರ ಬಂದರೆ ತಾನೂ ಸಾಯುತ್ತೇನೆಯೇ. ಈ ವಯಸ್ಸಿನ ಮಕ್ಕಳು ಇಂಥವನ್ನು ಕೇಳದೆ ಒಳಗೇ ಇಟ್ಟುಕೊಳ್ಳುತ್ತಾರೆ. ನೀವೇ ಬಾಯಿಬಿಟ್ಟು ಹೇಳಬೇಕು: ಅಕ್ಕ ಸತ್ತಿದ್ದು ಒಂದು ಕಾಯಿಲೆಯಿಂದ, ನೀನು ಅಂದದ್ದರಿಂದಲೋ ಮಾಡಿದ್ದರಿಂದಲೋ ಅಲ್ಲ, ಎಲ್ಲ ಜ್ವರವೂ ಅಂಥ ಜ್ವರವಲ್ಲ, ನನಗೆ ಅಳು ಬರುವುದು ಅಕ್ಕನಿಗಾಗಿ, ನೀನು ನಕ್ಕರೆ ನನಗೆ ಬೇಜಾರಾಗುವುದಿಲ್ಲ. ನಿದ್ದೆ ಹೋದಳು, ದೂರ ಹೋದಳು ಎಂಬ ಮಾತುಗಳು ಬೇಡ, ಮಕ್ಕಳು ನಿದ್ದೆಗೂ ಪ್ರಯಾಣಕ್ಕೂ ಹೆದರತೊಡಗುತ್ತಾರೆ. ಇರುವ ಮಗನನ್ನು ನೋಡಿಕೋ ಎನ್ನುವವರು ಒಂದನ್ನು ಗಮನಿಸಿಲ್ಲ, ಅವನಿಗೂ ದುಃಖವಿದೆ. ಅವನ ಮುಂದೆ ಅವಳ ಹೆಸರು ಹೇಳಿ. ಅವನೂ ಹೇಳುತ್ತಾನೆ.

ನಿಮ್ಮಂಥ ಇತರ ಹೆತ್ತವರನ್ನು ಒಮ್ಮೆಯಾದರೂ ಭೇಟಿಯಾಗಿ ಎಂಬುದು ನನ್ನ ಇನ್ನೊಂದು ಸಲಹೆ. 1968ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯ ಆಸ್ಪತ್ರೆಯೊಂದರಲ್ಲಿ ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಹುಡುಗರು ತೀರಿಕೊಂಡರು. ಅಲ್ಲಿನ ಪಾದ್ರಿ ಸೈಮನ್ ಸ್ಟೀಫನ್ಸ್, ತಾನು ಹೇಳುವ ಸಾಂತ್ವನಕ್ಕಿಂತ ಆ ಇಬ್ಬರು ಹುಡುಗರ ತಂದೆತಾಯಿಯರು ಪರಸ್ಪರ ಆಡುವ ಮಾತು ಅವರಿಗೆ ಹೆಚ್ಚು ಆಸರೆಯಾಗುತ್ತಿರುವುದನ್ನು ಕಂಡರು. ಮರುವರ್ಷ ಅದರಿಂದಲೇ ಹುಟ್ಟಿದ ದಿ ಕಂಪ್ಯಾಷನೇಟ್ ಫ್ರೆಂಡ್ಸ್ ಎಂಬ ಹೆತ್ತವರ ಕೂಟ ಈಗ ಹಲವು ದೇಶಗಳಲ್ಲಿದೆ. ಅಂಥ ಕೂಟ ಹತ್ತಿರದಲ್ಲಿಲ್ಲದಿದ್ದರೆ ಒಂದೇ ಒಂದು ಕುಟುಂಬವಾದರೂ ಸಾಕು. ಮಕ್ಕಳ ವೈದ್ಯರು ಅಥವಾ ಆಪ್ತಸಮಾಲೋಚಕರ ಮೂಲಕ ವಿಚಾರಿಸಬಹುದು. ಐದಾರು ವರ್ಷಗಳ ಹಿಂದೆ ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ಎದ್ದು ಕಾಫಿ ಮಾಡಿ ತಂದುಕೊಡುವುದನ್ನು ನೋಡುವುದೇ ಕೆಲವರಿಗೆ ನನ್ನಂಥವರ ಹತ್ತು ಮಾತಿಗಿಂತ ಹೆಚ್ಚಿನ ಧೈರ್ಯ ಕೊಟ್ಟಿದೆ.

ಎಷ್ಟು ಮಕ್ಕಳು ಎಂದು ಹೊಸಬರು ಕೇಳಿದರೆ, ನಿಮಗೆ ಇಬ್ಬರು. ಅದು ಸುಳ್ಳಲ್ಲ. ಅವರು ಮುಂದುವರಿದು ಯಾವ ತರಗತಿ ಎಂದು ಕೇಳಿದಾಗ ಏನು ಹೇಳುವುದು ಎಂಬ ಭಯವೇ ಈ ಪ್ರಶ್ನೆಯನ್ನು ಕಷ್ಟವಾಗಿಸುತ್ತದೆ, ಆದ್ದರಿಂದ ಎರಡನೇ ಮಾತನ್ನೂ ಮೊದಲೇ ಸಿದ್ಧಮಾಡಿಕೊಳ್ಳಿ: "ಮಗ ಎರಡನೇ ತರಗತಿ, ಮಗಳು ಹೋದ ವರ್ಷ ತೀರಿಕೊಂಡಳು." ಅಷ್ಟು ಹೇಳಿ ಸುಮ್ಮನಾಗಬಹುದು, ಎದುರಿನವರ ಮುಜುಗರವನ್ನು ಕಳೆಯುವ ಹೊಣೆ ನಿಮ್ಮದಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ ಇದನ್ನೆಲ್ಲ ಹೇಳುವ ಚೈತನ್ಯವಿಲ್ಲದ ದಿನ "ಒಬ್ಬ ಮಗ" ಎಂದು ಹೇಳಿ ಇಳಿದುಹೋದರೂ ತಪ್ಪಿಲ್ಲ. ಆ ರಾತ್ರಿ ಅದಕ್ಕಾಗಿ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಇನ್ನು, ನಿಮ್ಮ ಪತ್ರದಲ್ಲಿ ಮಗಳ ಹೆಸರಿರಲಿಲ್ಲ. ಮತ್ತೆ ಬರೆಯುವುದಾದರೆ ಅವಳ ಹೆಸರನ್ನೂ, ಅವಳು ಯಾವುದಕ್ಕೆ ಹೆಚ್ಚು ನಗುತ್ತಿದ್ದಳು ಎಂಬುದನ್ನೂ ಬರೆಯಿರಿ.